ಗಾಳಿಕೋಳಿ ಮುದ್ರೆಯ ಪೆಟ್ಟಿಗೆ

೧೯೬೨ರ ನವೆಂಬರ್ ೧೪, ಬುಧವಾರ. ಬೆಳಿಗ್ಗೆ ಎಂಟೂಕಾಲಿಗೆ ಶೆಫೀಲ್ಡಿನ ಅಟರ್‌ಕ್ಲಿಫ್ ಠಾಣೆಯ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಒಳಬಂದಳು. ತಲೆಗೆ ಕೆಂಪು ಬಟ್ಟೆ, ಎದೆಯಿಂದ ಮೊಣಕಾಲಿನವರೆಗೆ ಕಂದು ಕಾಗದ, ಕಾಗದದ ಮೇಲೆ ಹುರಿ. ಚಮಚ, ಫೋರ್ಕ್‌ಗಳಿಗೆ ಪಾಲಿಶ್ ಹಾಕುವ ಹೆಂಗಸರ ಉಡುಪು ಅದು. ಎಣ್ಣೆ ಬೆರೆತ ಮರಳು ಸಿಡಿದು ಬಟ್ಟೆ ಹಾಳಾಗದಿರಲೆಂದು ಕಾಗದ ಸುತ್ತಿಕೊಳ್ಳುತ್ತಾರೆ.

ಮೇಜಿನ ಹಿಂದಿದ್ದ ಕಾನ್ಸ್‌ಟೇಬಲ್ ಕ್ಲಿಫರ್ಡ್ ಡಂಗ್‌ವರ್ತ್ ಒಳಗಿನ ಕೋಣೆಯತ್ತ ಕತ್ತು ಚಾಚಿದ. "ಸಾರ್, ಪಾರ್ಸಲ್ ಬಂದಿದೆ."

"ಬಿಚ್ಚಿದ್ರೆ ನಿಮ್ಮಮ್ಮನ ವಯಸ್ಸಿನವಳು ಸಿಗ್ತಾಳೆ ಮರಿ. ಬಾಯಿ ಮುಚ್ಕೊಂಡು ಬರ್ಕೋ," ಎಂದಳು ಹೆಂಗಸು.

ಐವಿ ಸ್ಟ್ಯಾನಿಫೋರ್ತ್, ಐವತ್ತೆರಡು ವರ್ಷ. ಸಣ್ಣ ಕಾರ್ಖಾನೆಗಳು ಸಾಲಾಗಿರುವ ಕುಪೋಲಾ ಅಂಗಳದಲ್ಲಿ ಆರು ಹೆಂಗಸರ ಪಾಲಿಶ್ ಕಾರ್ಖಾನೆಯ ಒಡತಿ. ಅಲ್ಲಿಯವರೆಲ್ಲ ಅವಳನ್ನು ಕರೆಯುವುದು ಮಿಸಸ್ ಎಂದೇ. ದೂರು ಹೀಗಿತ್ತು: ಕಾರ್ಖಾನೆಯ ಬ್ರೆಂಡಾ ಎಂಬ ಹುಡುಗಿಗೆ ಶನಿವಾರ ಮದುವೆ, ಅದಕ್ಕೇ ಈ ವಾರ ರಜೆ. ಉಳಿದವರು ಒಂದು ವರ್ಷದಿಂದ ವಾರವಾರವೂ ಕೈಯಿಂದ ಹಾಕಿ ಅವಳಿಗೆ ಊಟದ ಮೇಜಿನ ಒಂದು ಪೆಟ್ಟಿಗೆ ಮಾಡಿಸಿದ್ದರು. ಚಾಕು, ಫೋರ್ಕ್, ಚಮಚ, ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್. ಚಾಕುಗಳನ್ನು ಮಾಡಿ, ಉಳಿದ ಹಸಿ ಮಾಲನ್ನು, ಎಂದರೆ ಪಾಲಿಶ್ ಆಗದ ಫೋರ್ಕ್ ಚಮಚಗಳನ್ನು, ತರಿಸಿ ತನ್ನ ಮುದ್ರೆ ಹೊಡೆದುಕೊಟ್ಟವನು ಅದೇ ಅಂಗಳದ ಹರ್ಬರ್ಟ್ ಓಲ್ಡೇಲ್. ಊಟದ ಬಿಡುವಿನಲ್ಲಿ ಪಾಲಿಶ್ ಹಾಕಿದವರು ಈ ಹೆಂಗಸರೇ. ನಿನ್ನೆ ಸಂಜೆ ಬೀರುವಿನಲ್ಲಿದ್ದ ಪೆಟ್ಟಿಗೆ ಇವತ್ತು ಬೆಳಿಗ್ಗೆ ಇರಲಿಲ್ಲ.

ಇನ್ಸ್‌ಪೆಕ್ಟರ್ ವಾಲ್ಟರ್ ಇಬ್ಬಟ್ಸನ್ ಹೊರಗೆ ಬಂದು ಎದುರಿಗೆ ಕೂತರು. ಚಹಾ ಆರುವ ಮೊದಲೇ ಪ್ರಶ್ನೆ ಮುಗಿಸುವ ಅಭ್ಯಾಸದ ಮನುಷ್ಯ.

"ಬೀಗ ಮುರಿದಿದ್ಯಾ?"

"ಇಲ್ಲ."

"ಕೀಲಿ?"

"ಒಂದು ನನ್ ಹತ್ರ. ಒಂದು ಮೇವಿಸ್ ಹತ್ರ. ನಿನ್ನೆ ಕೊನೇಲಿ ಬಾಗಿಲು ಹಾಕಿದ್ದೂ ಅವಳೇ."

"ಮೇವಿಸ್ ಏನು? ಮನೆತನದ ಹೆಸರು?"

ಐವಿ ಕಾಗದದ ಹುರಿ ಬಿಗಿಮಾಡಿಕೊಂಡಳು. "ಟಿಂಗಲ್."

ಕ್ಲಿಫರ್ಡ್‌ನ ಪೆನ್ನು ನಿಂತಿತು. ಅವಳ ಅಪ್ಪ ಲೆನ್ ಟಿಂಗಲ್‌ನನ್ನು ಅರಿಯದ ಪೊಲೀಸರು ಆ ಭಾಗದಲ್ಲಿರಲಿಲ್ಲ. ಇಗರ್ಜಿಯ ಮಾಡಿನ ಸೀಸದ ತಗಡು ಕಿತ್ತು ಎರಡು ಸಲ ಒಳಗೆ ಹೋಗಿಬಂದವನು. ದೇವರ ತಲೆಯ ಮೇಲೆಯೇ ಕೈಯಿಟ್ಟವನು ಎಂದು ಠಾಣೆಯಲ್ಲಿ ಅವನ ಖ್ಯಾತಿ.

"ನಾನು ಅವಳ ಮೇಲೆ ಹೇಳ್ತಿಲ್ಲ," ಎಂದಳು ಐವಿ. "ಹೇಳೋರು ಹೇಳ್ತಿದಾರೆ. ಬೆಳಿಗ್ಗೆಯಿಂದ ಅವಳ ಪಕ್ಕದ ಪಾಲಿಶ್ ಚಕ್ರಕ್ಕೆ ಯಾರೂ ಕೂತಿಲ್ಲ. ಶನಿವಾರದೊಳಗೆ ಪೆಟ್ಟಿಗೆ ಸಿಗಲಿಲ್ಲ ಅಂದ್ರೆ ನಾನವಳನ್ನ ಇಟ್ಕೊಳ್ಳೋಕಾಗಲ್ಲ. ನಾನು ಬಿಟ್ರೆ ಈ ಊರಲ್ಲಿ ಇನ್ಯಾರೂ ತಗೊಳಲ್ಲ. ನಮ್ಮ ಕೈಗೆ ಬರೋದೆಲ್ಲ ಬೇರೆಯವರ ಮಾಲು ಇನ್ಸ್‌ಪೆಕ್ಟರೇ. ಕೈ ಸರಿಯಿಲ್ಲ ಅಂತ ಒಂದ್ಸಲ ಹೆಸರು ಬಂದ್ರೆ ಮುಗೀತು."

ಒಂಬತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಹತ್ತಕ್ಕೆ ಪಂಚನಾಮೆ.

ಕಾರ್ಖಾನೆ ಎಂದರೆ ಉದ್ದನೆಯ ಒಂದೇ ಕೋಣೆ. ಕಿಟಕಿಯ ಸಾಲಿಗೆ ಚಕ್ರಗಳು. ಪೊಲೀಸರನ್ನು ಕಂಡು ಚಕ್ರಗಳು ನಿಂತವು, ಬಾಯಿಗಳು ನಿಲ್ಲಲಿಲ್ಲ. "ಕ್ಲಿಫರ್ಡ್ ಬಂದ ಕಣೇ, ಮುಖ ಕೊಟ್ರೆ ಪಾಲಿಶ್ ಹಾಕಿ ಕಳಿಸೋಣ," ಎಂದಿತು ಒಂದು ದನಿ. "ಬೇಡ ಕಣೇ, ಹಸಿ ಮಾಲು, ಚಕ್ರಕ್ಕೆ ತಡೆಯಲ್ಲ," ಎಂದಿತು ಇನ್ನೊಂದು. ಎಲ್ಲರನ್ನೂ ಅಣಕಿಸುವುದಕ್ಕೆ ಹೆಸರಾದ ಕ್ಲಿಫರ್ಡ್ ಅಲ್ಲಿ ಮಾತ್ರ ತನ್ನ ಸ್ವಂತ ದನಿಯನ್ನೂ ಮರೆತು, ಟೇಪು ಹಿಡಿದು ಗೋಡೆ ಅಳೆಯುತ್ತಾ ನಿಂತ.

ಅಂಗಳದ ಇಬ್ಬರು ಪಂಚರ ಎದುರು ಬರೆದದ್ದು: ಬಾಗಿಲು ಸುಸ್ಥಿತಿ. ಕಿಟಕಿ ಭದ್ರ. ಹಿಂದಿನ ಗೋಡೆಯಲ್ಲಿ, ಹಬೆಯಂತ್ರದ ಕಾಲದಲ್ಲಿ ಸಾಲಿನ ಎಲ್ಲ ಕಾರ್ಖಾನೆಗಳಿಗೂ ಚಾಚಿ ಚಕ್ರಗಳನ್ನು ತಿರುಗಿಸುತ್ತಿದ್ದ ಕಬ್ಬಿಣದ ದಂಡಕ್ಕೆ ಎಣ್ಣೆ ಬಿಡಲು ಇಟ್ಟ ಚಿಕ್ಕ ಕದ, ಈಗ ಸುಣ್ಣ ಬಳಿದು ಮುಚ್ಚಿದೆ. ಅಂಚಿನಲ್ಲಿ ಸುಣ್ಣ ಬಿರುಕು, ತೇವದಿಂದಿರಬಹುದು. ಬೀರುವಿನ ಮೇಲಿನ ಹಲಗೆ ಖಾಲಿ. ಹಲಗೆಯ ಮೇಲೆ ಒಂದು ಅರ್ಧ ಪೆನ್ನಿಯ ನಾಣ್ಯ.

"ಇದು ನಿಮ್ದಾ?" ಇಬ್ಬಟ್ಸನ್ ಕೇಳಿದರು.

"ಅಲ್ಲ. ನಿನ್ನೆ ಇರಲಿಲ್ಲ," ಎಂದಳು ಐವಿ. ಆಮೇಲೆ ಅವಳ ಮುಖ ಬದಲಾಯಿತು. ಸುತ್ತ ನಿಂತವರ ಮುಖವೂ.

ಆ ಊರಲ್ಲಿ ಚಾಕುವನ್ನು ಯಾರೂ ಪುಕ್ಕಟೆ ಈಸಿಕೊಳ್ಳುವುದಿಲ್ಲ. ಅಪ್ಪ ಮಗನಿಗೆ ಕೊಟ್ಟರೂ ಮಗ ಒಂದು ಬಿಡಿಕಾಸು ತಿರುಗಿ ಕೊಡಬೇಕು. ಇಲ್ಲದಿದ್ದರೆ ಚಾಕು ಇಬ್ಬರ ನಡುವಿನ ನಂಟನ್ನು ಕೊಯ್ಯುತ್ತದೆ. ಇಬ್ಬಟ್ಸನ್‌ರ ಹೆಂಡತಿ ತವರಿನಿಂದ ಬ್ರೆಡ್ ಚಾಕು ತಂದ ದಿನ, ಕಾಸು ಕೊಡುವುದು ಮರೆತದ್ದು ನೆನಪಾಗಿ ಅರ್ಧ ದಾರಿಯಿಂದ ಟ್ರಾಮ್ ಇಳಿದು ವಾಪಸು ಹೋಗಿದ್ದಳು.

"ಕದ್ದು ಕಾಸಿಟ್ಟು ಹೋಗೋ ಕಳ್ಳನನ್ನ ನಾನು ನೋಡಿಲ್ಲ ಸಾರ್," ಎಂದ ಕ್ಲಿಫರ್ಡ್.

"ಕಳ್ಳನಿಗೆ ಈ ಹೆಂಗಸರ ಮೇಲೆ ಪ್ರೀತಿ ಇದೆ," ಎಂದರು ಇಬ್ಬಟ್ಸನ್. "ಅಥವಾ ಹೆದರಿಕೆ. ಈ ಕೋಣೇಲಿ ಎರಡೂ ಒಂದೇ ಇರಬಹುದು."

ಮೇವಿಸ್ ಟಿಂಗಲ್ ಕೋಣೆಯ ತುದಿಯ ಚಕ್ರದ ಬಳಿ ಒಬ್ಬಳೇ ನಿಂತಿದ್ದಳು. ಹತ್ತೊಂಬತ್ತು ವರ್ಷ. ಅತ್ತಿರಲಿಲ್ಲ. ಅತ್ತರೆ ಒಪ್ಪಿಕೊಂಡಂತಾಗುತ್ತದೆ ಎಂದು ತೀರ್ಮಾನಿಸಿದವಳ ಮುಖ.

"ನಿನ್ನೆ ಎಷ್ಟೊತ್ತಿಗೆ ಬಾಗಿಲು ಹಾಕಿದೆ?"

"ಆರೂವರೆ."

"ನೇರ ಮನೆಗೆ?"

"ಮೀನು-ಚಿಪ್ಸ್ ತಗೊಂಡು ಮನೆಗೆ. ಅಪ್ಪನೂ ಮನೇಲೇ ಇದ್ದ. ನೀವು ಕೇಳೋ ಮೊದಲೇ ಹೇಳ್ತಿದೀನಿ."

"ಈ ನಾಣ್ಯ?"

"ನಂದಲ್ಲ. ನಾನ್ಯಾಕೆ ಇಡ್ಲಿ? ಆ ಚಾಕುಗೆ ವಾರವಾರ ನಾನೂ ಹಾಕಿದೀನಿ. ನನ್ನ ಚಾಕು ನಾನೇ ತಗೊಂಡ್ರೆ ಯಾರಿಗೆ ಕಾಸು ಕೊಡ್ಬೇಕು?"

ಇಬ್ಬಟ್ಸನ್‌ಗೆ ಉತ್ತರ ಹಿಡಿಸಿತು. ಆದರೆ ಹಿಡಿಸಿದ ಉತ್ತರವನ್ನೆಲ್ಲ ಕೋರ್ಟು ಹಿಡಿಯುವುದಿಲ್ಲ.

"ಪೆಟ್ಟಿಗೆ ಬಗ್ಗೆ ಮತ್ತೇನಾದ್ರೂ ಗೊತ್ತಾ?"

"ಏನಿದೆ? ಫೋರ್ಕ್‌ಗೆ ಪಾಲಿಶ್ ಹಾಕಿದೋಳು ನಾನು. ಯಾಕೋ ಬಣ್ಣ ಸ್ವಲ್ಪ ನೀಲಿ ಹೊಡೀತಿದೆ ಅಂತ ಸೋಮವಾರ ಹೇಳಿದ್ದೆ. ಅಂಕಲ್ ಹರ್ಬರ್ಟೂ ಇಲ್ಲೇ ಚಹಾ ಕುಡೀತಿದ್ರು. ಮಿಸಸ್ ನನ್ನ ಬಾಯಿ ಮುಚ್ಚಿಸಿದ್ರು, ಕಣ್ಣು ತೊಳ್ಕೋ ಹೋಗು ಅಂದ್ರು."

ಕ್ಲಿಫರ್ಡ್ ಅದನ್ನೂ ಬರೆದುಕೊಂಡ. ಆ ಹೊತ್ತಿಗೆ ಯಾರಿಗೂ ಅದು ಸಾಕ್ಷಿಯಾಗಿ ಕಾಣಲಿಲ್ಲ.

ಗುರುವಾರ ಬೆಳಿಗ್ಗೆ ಕ್ಲಿಫರ್ಡ್ ಬ್ರಾಂಡ್ ಗುರುತು ತಿಳಿಯಲು ಹರ್ಬರ್ಟ್ ಓಲ್ಡೇಲ್‌ನ ಕೋಣೆಗೆ ಹೋದ. ಐವಿಯ ಗೋಡೆಗೆ ಆತುಕೊಂಡ ಒಂಟಿ ಕೋಣೆ. ಒಬ್ಬನೇ ಮಾಲೀಕ, ಒಬ್ಬನೇ ಕೆಲಸಗಾರ. ಅರವತ್ತೆಂಟರ ಹರ್ಬರ್ಟ್ ಒಂದು ಫೋರ್ಕನ್ನು ಬೋರಲು ತಿರುಗಿಸಿ ತೋರಿಸಿದ. ಹಿಡಿಯ ಹಿಂಭಾಗದಲ್ಲಿ ಗೋಧಿಕಾಳಿನಷ್ಟು ಗಾಳಿಕೋಳಿ, ಗೋಪುರದ ಮೇಲೆ ಗಾಳಿಗೆ ತಿರುಗುವ ತಗಡಿನ ಕೋಳಿಯ ಚಿತ್ರ. ಅವನ ಅಪ್ಪನ ಕಾಲದ ಮುದ್ರೆ.

"ಮುದ್ರೆ ಒಂದನ್ನೇ ನೋಡ್ಬೇಡ ಮಗ," ಎಂದ. "ಮುದ್ರೆ ಯಾರು ಬೇಕಾದ್ರೂ ಹೊಡೀಬಹುದು. ಬೆರಳ ಮೇಲೆ ಇಟ್ಟು ತೂಗು. ಕತ್ತಿನ ಹತ್ರ ದಪ್ಪ, ಬಾಯಿ ಕಡೆ ತೆಳು ಇರ್ಬೇಕು. ಒಂದೇ ದಪ್ಪ ಇದ್ರೆ ಅದು ತಗಡು ಕತ್ತರಿಸಿದ್ದು. ಹಲ್ಲುಗಳ ಮಧ್ಯೆ ನೋಡು. ಮೇಲೆ ಹೊಳೆಯೋದು ಯಾವ ಫೋರ್ಕಾದ್ರೂ ಹೊಳೆಯುತ್ತೆ. ಹಲ್ಲಿನ ಸಂದಿ ಹೊಳೀಬೇಕು. ಆಮೇಲೆ ಮ್ಯಾಗ್ನೆಟ್. ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕಲ್ ಇದ್ರೆ ಮ್ಯಾಗ್ನೆಟ್ ಹಿಡಿಯಲ್ಲ. ನಿಕಲ್ ಇಲ್ದೇ ಇದ್ರೆ ಕಪಕ್ಕನೆ ಹಿಡಿಯುತ್ತೆ. ಅದು ನಾಲ್ಕು ದಿನ ಉಪ್ಪು, ವಿನಿಗರ್ ಕಂಡ್ರೆ ಚುಕ್ಕೆ ಬೀಳುತ್ತೆ."

ಇಷ್ಟು ಪಾಠ ಕೇಳಿದ ಕ್ಲಿಫರ್ಡ್ ಮಧ್ಯಾಹ್ನ ಅಯಸ್ಕಾಂತ ಹಿಡಿದು ಮಾರುಕಟ್ಟೆಗೆ ನುಗ್ಗಿದ. ನಾಲ್ಕು ಗಂಟೆಗೆ ಠಾಣೆಗೆ ಬರುವಾಗ ಒಬ್ಬ ಬೊಬ್ಬಿಡುವ ವ್ಯಾಪಾರಿಯನ್ನೂ ಎರಡು ಡಜನ್ ಚಾಕುಗಳನ್ನೂ ಜೊತೆಗೆ ತಂದಿದ್ದ.

"ಎಲ್ಲ ನಕಲಿ ಸಾರ್. ಒಂದೂ ಬಿಡದೆ ಅಂಟ್ತು."

ಇಬ್ಬಟ್ಸನ್ ತಮ್ಮ ಜೇಬಿನ ಮಡಚುಚಾಕು ತೆಗೆದು ಅಯಸ್ಕಾಂತಕ್ಕೆ ತೋರಿಸಿದರು. ಅಂಟಿತು. ಕ್ಲಿಫರ್ಡ್ ಚಾಕುವನ್ನೂ ಇನ್ಸ್‌ಪೆಕ್ಟರನ್ನೂ ಸಂಶಯದಿಂದ ನೋಡಿದ.

"ಚಾಕು ಅಂಟಲೇಬೇಕು ಕಣೋ. ಅಲಗಿಗೆ ಹರಿತ ನಿಲ್ಬೇಕಾದ್ರೆ ಉಕ್ಕನ್ನ ಕಾಯಿಸಿ ಗಟ್ಟಿ ಮಾಡ್ಬೇಕು. ನಿಕಲ್ ತುಂಬಿದ ಉಕ್ಕು ಹಾಗೆ ಗಟ್ಟಿಯಾಗಲ್ಲ. ಮ್ಯಾಗ್ನೆಟ್ ಪರೀಕ್ಷೆ ಚಮಚಕ್ಕೆ, ಫೋರ್ಕಿಗೆ. ಹೋಗು, ಇವರಿಗೆ ಒಂದು ಕಪ್ ಚಹಾ ಕೊಟ್ಟು ಕ್ಷಮೆ ಕೇಳಿ ಬೀಳ್ಕೊಡು."

"ಚಮಚದ ಪರೀಕ್ಷೆನ ಮೊದಲು ಈ ಠಾಣೇಲೇ ಮಾಡ್ಬೇಕಿತ್ತು," ಎಂದು ಗೊಣಗುತ್ತಾ, ಸದಾ ಸೂಪರಿಂಟೆಂಡೆಂಟರಿಗೆ ಅಂಟಿಕೊಂಡೇ ಇರುವ ಹೆಡ್ ಕಾನ್ಸ್‌ಟೇಬಲ್‌ನ ಕುರ್ಚಿಯತ್ತ ಒಮ್ಮೆ ನೋಡಿ ಕ್ಲಿಫರ್ಡ್ ಹೊರಟ. ಚಹಾ ಕೊಟ್ಟು ಬಂದವನು ಹರ್ಬರ್ಟ್‌ನ ಹೇಳಿಕೆಯನ್ನು ಹರ್ಬರ್ಟ್‌ನ ದನಿಯಲ್ಲೇ ಒಪ್ಪಿಸಿದ. ಓದಿ ಹೇಳುವುದಕ್ಕಿಂತ ಆಡಿ ತೋರಿಸುವುದೇ ಅವನಿಗೆ ಸಲೀಸು. ಇಬ್ಬಟ್ಸನ್ ಅದನ್ನು ತಡೆಯುತ್ತಿರಲಿಲ್ಲ. ಕಾಗದದ ಮೇಲೆ ಕಾಣದ್ದು ಹಲವು ಸಲ ಅಲ್ಲಿ ಕೇಳಿಸುತ್ತಿತ್ತು.

"'ಹುಡುಗೀರು ಹೇಗಿದಾರೆ ಮಗ?' ಅಂದ. ನಾನು ಮೇವಿಸ್ ವಿಷಯ ಹೇಳ್ದೆ, ಎಲ್ಲರೂ ಅವಳನ್ನೇ ಅಂತಿದಾರೆ ಅಂತ." ಕ್ಲಿಫರ್ಡ್ ಕೈಯಲ್ಲಿದ್ದ ಪೆನ್ಸಿಲ್ ನೆಲಕ್ಕೆ ಬಿಟ್ಟ, ಬಾಯಿ ತೆರೆದ, ಮುಚ್ಚಿದ, ಬಗ್ಗಿ ನಿಧಾನಕ್ಕೆ ಎತ್ತಿಕೊಂಡ. "ಹೀಗೆ ಸಾರ್. ಅವನ ಕೈಯಲ್ಲಿದ್ದ ಅರ ಜಾರಿಬಿತ್ತು. ಎತ್ಕೊಳ್ಳೋಕೆ ಒಂದು ಯುಗ. ಎದ್ದು ನಿಂತ್ಮೇಲೆ ಹವಾಮಾನದ ಬಗ್ಗೆ ಮಾತಾಡಿದ."

"ಇನ್ನೊಂದ್ಸಲ ಮಾಡು," ಎಂದರು ಇಬ್ಬಟ್ಸನ್.

ಕ್ಲಿಫರ್ಡ್ ಮತ್ತೆ ಮಾಡಿದ. ಈ ಸಲ ಇಬ್ಬರೂ ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಗುಜರಿ ವ್ಯಾಪಾರಿ ಸೆತ್ ಮಾರ್ಪಲ್ಸ್ ಒಂದು ಗೋಣಿಚೀಲ ತಂದು ಮೇಜಿನ ಮೇಲೆ ಸುರಿದ. ಕುಪೋಲಾ ಅಂಗಳದಲ್ಲಿ ಎಲ್ಲ ಕಾರ್ಖಾನೆಗಳ ಲೋಹದ ಚೂರನ್ನೂ ಒಂದೇ ತೊಟ್ಟಿಗೆ ಹಾಕುತ್ತಾರೆ, ವಾರಕ್ಕೊಮ್ಮೆ ಅವನು ಒಯ್ಯುತ್ತಾನೆ. ಅದರ ತಳದಲ್ಲಿ ಇವು ಸಿಕ್ಕಿದ್ದವು: ಕನ್ನಡಿಯಂತೆ ಹೊಳೆಯುವ ಫೋರ್ಕ್‌ಗಳು, ಚಮಚಗಳು. ಹಿಡಿಯ ಹಿಂದೆ ಮುದ್ರೆ ಇರಬೇಕಾದ ಕಡೆ ಅರದಿಂದ ಉಜ್ಜಿ ಹಾಕಿದ ಗಾಯ.

"ಯಾರ ಬ್ರಾಂಡೋ ಗೊತ್ತಿಲ್ಲ," ಎಂದ ಸೆತ್. "ಆದ್ರೆ ಇಷ್ಟು ಚೆಂದದ ಮಾಲನ್ನ ತೊಟ್ಟಿಗೆ ಹಾಕೋನು ಹುಚ್ಚ ಇರ್ಬೇಕು, ಇಲ್ಲಾ ಕಳ್ಳ. ಹುಚ್ಚನಾದ್ರೆ ನಂಗೆ ವಾಪಸ್ ಕೊಡಿ."

ಐವಿಯನ್ನು ಕರೆಸಿದರು. ಅವಳು ಒಂದು ಫೋರ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಲ್ಲುಗಳ ಸಂದಿಯಿಂದ ಹೊರಗಿನ ಬೀದಿ ನೋಡಿದಳು.

"ನಮ್ದೇ. ಮೇವಿಸ್ ಕೈ. ಸಂದಿಯ ಬುಡದವರೆಗೂ ಹೋಗ್ತಾಳೆ ಅವಳು, ಬೇರೆಯವರು ಅರ್ಧಕ್ಕೆ ಬಿಡ್ತಾರೆ. ಇಷ್ಟು ಚೆನ್ನಾಗಿ ಮಾಡಿದೋಳು ಇದನ್ನ ತೊಟ್ಟಿಗೆ ಎಸೀತಾಳಾ?" ಅವಳು ಫೋರ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಎರಡು ದಿನ ಆ ಹುಡುಗಿಯ ಪಕ್ಕ ಯಾರೂ ಕೂರದಿದ್ದಾಗ ತಾನೂ ಕೂತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಇಬ್ಬಟ್ಸನ್ ಕ್ಲಿಫರ್ಡ್‌ನ ಜೇಬಿನಿಂದ ಅಯಸ್ಕಾಂತ ತೆಗೆದು ಫೋರ್ಕಿನ ಬಳಿ ತಂದರು.

ಟಪ್.

ಇನ್ನೊಂದು. ಟಪ್. ಚಮಚ. ಟಪ್.

"ಅಯ್ಯೋ ದೇವರೇ," ಎಂದಳು ಐವಿ ಮೆಲ್ಲಗೆ. "ಹದಿನೆಂಟು-ಎಂಟು ಅಂತ ಹೇಳಿದ್ರು. ನಾವು ನೋಡ್ಲೇ ಇಲ್ಲ. ಹರ್ಬರ್ಟ್ ಕೊಟ್ಟ ಮಾಲಿಗೆ ಮ್ಯಾಗ್ನೆಟ್ ಹಿಡಿಯೋದಾ? ಪಾದ್ರಿ ಹತ್ರ ಬೈಬಲ್ ಓದಿದೀರಾ ಅಂತ ಕೇಳಿದ ಹಾಗೆ."

"ಮಿಸಸ್ ಸ್ಟ್ಯಾನಿಫೋರ್ತ್, ಮಾರೋಕೆ ಕದ್ದೋನು ಗಾಳಿಕೋಳಿ ಮುದ್ರೆ ಉಜ್ಜಿ ಹಾಕ್ತಾನಾ?"

"ಯಾಕೆ ಹಾಕ್ತಾನೆ? ಅದಿದ್ರೇ ಬೆಲೆ."

"ಹಾಗಾದ್ರೆ ಯಾರು ಹಾಕ್ತಾರೆ?"

ಐವಿ ಕುರ್ಚಿ ಎಳೆದುಕೊಂಡು ಕೂತಳು. ಉತ್ತರ ಅವಳಿಗೆ ಗೊತ್ತಿತ್ತು, ಹೇಳಲು ಇಷ್ಟವಿರಲಿಲ್ಲ.

ಹತ್ತೂಮುಕ್ಕಾಲಿಗೆ ಇಬ್ಬಟ್ಸನ್ ಮತ್ತು ಕ್ಲಿಫರ್ಡ್ ಹರ್ಬರ್ಟ್ ಓಲ್ಡೇಲ್‌ನ ಬಾಗಿಲು ತಟ್ಟಿದರು. ಬಾಗಿಲು ತೆರೆದೇ ಇತ್ತು. ಕೆಲಸದ ಮೇಜಿನ ಮೇಲೆ ನೀಲಿ ಮಖಮಲ್ಲಿನ ಪೆಟ್ಟಿಗೆ, ಅದರಲ್ಲಿ ಚಾಕುಗಳು ಸಾಲಾಗಿ, ಫೋರ್ಕ್ ಚಮಚಗಳ ಸಾಲು ಖಾಲಿ. ಪಕ್ಕದಲ್ಲಿ ಹೊಸ ಹಸಿ ಫೋರ್ಕ್‌ಗಳ ರಾಶಿ, ಬೂದಿಬಣ್ಣ. ಹರ್ಬರ್ಟ್ ಒಂದು ಚಿಕ್ಕ ಚಕ್ರದ ಮುಂದೆ ಕೂತು ಪಾಲಿಶ್ ಹಾಕುತ್ತಿದ್ದ. ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ನಾಲ್ಕು ಫೋರ್ಕ್ ಮುಗಿದಿದ್ದವು, ಅವೂ ಅಷ್ಟಕ್ಕಷ್ಟೇ. ಅವನು ಚಾಕುವಿನ ಕೆಲಸಗಾರ; ಪಾಲಿಶ್ ಹೆಂಗಸರ ವಿದ್ಯೆ.

ಇಬ್ಬಟ್ಸನ್ ಒಂದು ಹಸಿ ಫೋರ್ಕಿಗೆ ಅಯಸ್ಕಾಂತ ಹಿಡಿದರು. ಹಿಡಿಯಲಿಲ್ಲ.

"ಇದು ಒಳ್ಳೇದು," ಎಂದರು.

"ಹೂಂ," ಎಂದ ಹರ್ಬರ್ಟ್. ಚಕ್ರ ನಿಲ್ಲಿಸಿದ. "ಇವತ್ತು ಸಂಜೆಯೊಳಗೆ ವಾಪಸ್ ಇಡೋನಿದ್ದೆ."

"ಒಳಗೆ ಹೇಗೆ ಹೋದ್ರಿ?"

ಹರ್ಬರ್ಟ್ ಗೋಡೆ ತೋರಿಸಿದ. ಎಣ್ಣೆ ಬಿಡುವ ಚಿಕ್ಕ ಕದದ ಈ ಮಗ್ಗುಲು, ತೆರೆದ ಚಿಲಕ. ಅದರ ಕೆಳಗೊಂದು ಏಣಿ. ಸುಣ್ಣದ ಬಿರುಕನ್ನು ತೇವದ ತಲೆಗೆ ಕಟ್ಟಿದ್ದ ಕ್ಲಿಫರ್ಡ್ ಕೆಮ್ಮಿದ.

"ಬೀರು?"

"ಆ ಬೀಗ ಮಾಡಿಕೊಟ್ಟೋನೇ ನಾನು."

"ಮೇವಿಸ್ ಮೇಲೆ ಅಪವಾದ ಬಂದಿದ್ದು ಗೊತ್ತಿತ್ತಾ?"

"ನಿನ್ನೆ ಗೊತ್ತಾಯ್ತು. ಈ ಹುಡುಗ ಹೇಳ್ದಾಗ."

"ಆದ್ರೂ ಬಾಯಿ ಬಿಡಲಿಲ್ಲ."

"ಒಂದು ದಿನ ತಡ್ಕೊಂಡ್ರೆ ಎಲ್ಲ ಸರಿಹೋಗುತ್ತೆ ಅನ್ಕೊಂಡೆ."

"ತಡ್ಕೊಳ್ಳೋರು ಯಾರು ಅಂತ ಅನ್ಕೊಂಡ್ರಿ?"

ಹರ್ಬರ್ಟ್ ಕೈಯ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಹನ್ನೊಂದಕ್ಕೆ ಬಂಧನ ನಮೂದಾಯಿತು. ಅವನ ಭುಜ ಇಳಿದು, ಉಸಿರು ದೊಡ್ಡದಾಗಿ ಹೊರಬಂತು. ಜೈಲಿಗೆ ಕರೆದೊಯ್ಯುವವರ ಎದುರು ಮನುಷ್ಯ ಹಾಗೆ ನಿರಾಳವಾಗುವುದನ್ನು ಕ್ಲಿಫರ್ಡ್ ಮೊದಲ ಸಲ ನೋಡಿದ; ಅದನ್ನು ಮಾತ್ರ ಅವನು ಮುಂದೆಂದೂ ಆಡಿ ತೋರಿಸಲಿಲ್ಲ.

ಠಾಣೆಗೆ ಹೋಗುವ ಮೊದಲು ಇಬ್ಬಟ್ಸನ್ ಐವಿಯ ಕಾರ್ಖಾನೆಯೊಳಗೆ ಕಾಲಿಟ್ಟರು. ಚಕ್ರಗಳ ಸದ್ದಿನ ಮೇಲೆ ಕೇಳುವಂತೆ, ಅಗತ್ಯಕ್ಕಿಂತ ಜೋರಾಗಿ ಹೇಳಿದರು: "ಪೆಟ್ಟಿಗೆ ಸಿಕ್ಕಿದೆ. ತಗೊಂಡವರು ಸಿಕ್ಕಿದ್ದಾರೆ. ಮೇವಿಸ್ ಟಿಂಗಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಯಾರಿಗಾದ್ರೂ ಕೇಳಿಸದಿದ್ರೆ ಇನ್ನೊಂದ್ಸಲ ಹೇಳ್ತೀನಿ."

ಚಕ್ರಗಳು ಒಂದೊಂದಾಗಿ ನಿಂತವು. ಯಾರೋ ಮೂಗು ಸೀಟಿದರು. ಐವಿ ತುದಿಯ ಚಕ್ರದವರೆಗೆ ನಡೆದು ಹೋದಳು.

"ಮೇವಿಸ್, ನಾನು..."

"ಗೊತ್ತಾಯ್ತು ಬಿಡಿ ಮಿಸಸ್. ಶನಿವಾರಕ್ಕೆ ಏನು ಮಾಡ್ತೀರ ಅದು ಹೇಳಿ."

ಹಳೆಯ ಫೋರ್ಕ್‌ಗಳು ಮುದ್ದೆಮಾಲು, ಕೋರ್ಟಿಗೆ ಹೋಗಬೇಕು. ಆದರೆ ಹರ್ಬರ್ಟ್‌ನ ಮೇಜಿನ ಮೇಲಿನ ಹೊಸ ಹಸಿ ಮಾಲು ಕದ್ದದ್ದಲ್ಲ. ಅವನ ಒಪ್ಪಿಗೆ ಚೀಟಿ ಬರೆಸಿಕೊಂಡು ಇಬ್ಬಟ್ಸನ್ ಅದನ್ನು ಐವಿಗೆ ಒಪ್ಪಿಸಿದರು. ಚಾಕುಗಳನ್ನು ಮುಚ್ಚಳಿಕೆ ಪಡೆದು ಬಿಟ್ಟುಕೊಟ್ಟರು. ಮಧ್ಯಾಹ್ನದಿಂದ ಆ ಕೋಣೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಮದುಮಗಳು ಬ್ರೆಂಡಾಳನ್ನು ಒಳಗೆ ಬಿಡದೆ, "ನಿನ್ನ ಗಂಡನ ಮುಖಕ್ಕೆ ಪಾಲಿಶ್ ಹಾಕ್ತಿದೀವಿ, ನಾಳೆ ನೋಡೀವಂತೆ," ಎಂದು ಬಾಗಿಲು ಹಾಕಿಕೊಂಡರು. ಮೇವಿಸ್‌ಳ ಎರಡೂ ಪಕ್ಕದ ಚಕ್ರಗಳಿಗೆ ಜನ ಕೂತಿದ್ದರು. ಕೂರಲು ಕಿತ್ತಾಟವೇ ನಡೆದಿತ್ತು.

ಸಂಜೆ ಠಾಣೆಯಲ್ಲಿ ಹರ್ಬರ್ಟ್ ಹೇಳಿಕೆ ಕೊಟ್ಟ. ಅದರಲ್ಲಿ ಬಡತನವಿರಲಿಲ್ಲ, ಕಾಯಿಲೆಯಿರಲಿಲ್ಲ. ಹೆಂಗಸರು ಕೊಟ್ಟ ಹಣಕ್ಕೆ ಒಳ್ಳೆಯ ಮಾಲೇ ಬರುತ್ತಿತ್ತು. ಆದರೆ ಬ್ರೆಂಡಾಳನ್ನು ಅವನು ತೊಟ್ಟಿಲಲ್ಲಿ ನೋಡಿದವನು. ಪೆಟ್ಟಿಗೆ ತೆರೆದಾಗ ಎಲ್ಲರೂ ಬೆರಗಾಗುವಂತೆ ಎರಡು ದೊಡ್ಡ ಬಡಿಸುವ ಚಮಚ, ಕೇಕಿನ ಫೋರ್ಕ್‌ಗಳು ಹೆಚ್ಚಿಗೆ ಇರಲಿ ಎನಿಸಿತ್ತು. ಅಷ್ಟರಲ್ಲಿ ಹೊಸ ವ್ಯಾಪಾರಿಯೊಬ್ಬ ಹದಿನೆಂಟು-ಎಂಟು ಎಂದು ಅಗ್ಗದ ಮಾಲು ತೋರಿಸಿದ. ಅಷ್ಟು ಅಗ್ಗಕ್ಕೆ ಅದು ಬರುವುದಿಲ್ಲವೆಂದು ಗೊತ್ತಿದ್ದೂ ಹರ್ಬರ್ಟ್ ಅಂದು ಅಯಸ್ಕಾಂತ ತೆಗೆಯಲಿಲ್ಲ. ತೆಗೆದದ್ದು ಸೋಮವಾರ ರಾತ್ರಿ, ನಿಕಲ್ ಇಲ್ಲದ ಉಕ್ಕಿಗಿರುವ ನೀಲಿ ಛಾಯೆಯನ್ನು ಮೇವಿಸ್ ಗುರುತಿಸಿ ಹೇಳಿದ ಮೇಲೆ, ಉಳಿದಿದ್ದ ಒಂದೇ ಒಂದು ಚಮಚಕ್ಕೆ. ಹೋಗಿ ಹೇಳಬಹುದಿತ್ತು. ನಲವತ್ತು ವರ್ಷ ಯಾರೂ ತನ್ನ ಪೆಟ್ಟಿಗೆ ತೆರೆದು ಪರೀಕ್ಷಿಸಿರಲಿಲ್ಲ. ಹೇಳುವುದು ಹೇಗೆಂಬುದೇ ತನಗೆ ತಿಳಿಯಲಿಲ್ಲ, ಪೆಟ್ಟಿಗೆಯಲ್ಲಿದ್ದ ಚಾಕುಗಳಿಗಾಗಿ ಅರ್ಧ ಪೆನ್ನಿ ಇಟ್ಟು ಬಂದೆ ಎಂದ.

ಐವಿ ಕಾಗದದ ಉಡುಪಿನಲ್ಲೇ ಬಂದು ಜಾಮೀನಿಗೆ ಸಹಿ ಹಾಕಿದಳು. ಹೊರಡುವಾಗ ಹರ್ಬರ್ಟ್‌ನ ಕೋಟಿನ ಕಾಲರು ಎಳೆದು ಸರಿಮಾಡಿದಳು.

ಕೊನೆಯಲ್ಲಿ ತನ್ನ ಹೇಳಿಕೆಗೆ ಸಹಿ ಹಾಕಲು ಮೇವಿಸ್ ಬಂದಳು. ಮೊಣಕೈವರೆಗೂ ಮರಳೆಣ್ಣೆ. ಬಾಗಿಲ ಬಳಿ ಹರ್ಬರ್ಟ್ ಎದುರಾದ, ಟೋಪಿ ತೆಗೆದ.

"ನಿನಗೆ ಅನ್ಯಾಯ ಮಾಡ್ದೆ ಕಣಮ್ಮ."

"ಮಾಡಿದ್ರಿ," ಎಂದಳು ಅವಳು. ಆಮೇಲೆ, "ಆ ನಾಲ್ಕು ಫೋರ್ಕ್ ನೀವೇ ಪಾಲಿಶ್ ಹಾಕಿದ್ದಾ? ಅವನ್ನ ತಿರುಗಾ ಮೊದಲಿಂದ ಮಾಡ್ಬೇಕಾಯ್ತು ಅಂಕಲ್. ಇನ್ಮೇಲೆ ನಮ್ಮನ್ನ ಕೇಳಿ."

ಸಹಿ ಹಾಕಿ ಅವಳು ಹೊರಗೆ ಬಂದಾಗ ಬೀದಿಯ ಆಚೆ ಬದಿಯಲ್ಲಿ, ದೀಪದ ಕಂಬಕ್ಕೆ ಒರಗಿ ಲೆನ್ ಟಿಂಗಲ್ ನಿಂತಿದ್ದ. ಠಾಣೆಯ ಇಷ್ಟು ಹತ್ತಿರಕ್ಕೆ ಅವನು ತಾನಾಗಿ ಬಂದದ್ದನ್ನು ಕಂಡವರಿಲ್ಲ. ಕಿಟಕಿಯಲ್ಲಿದ್ದ ಇಬ್ಬಟ್ಸನ್‌ರನ್ನು ನೋಡಿ ಟೋಪಿ ಮುಟ್ಟಿದ. ಮಗಳು ರಸ್ತೆ ದಾಟುವವರೆಗೆ ಕಾದು, ಬಾಯಿಯ ಸಿಗರೇಟು ತೆಗೆದ.

"ಯಾರನ್ನ ಹಿಡಿದ್ರು?"

"ನಮ್ಮನ್ನಲ್ಲ," ಎಂದಳು ಮೇವಿಸ್.

ಇಬ್ಬರೂ ಮೂಲೆಯ ಅಂಗಡಿಯವರೆಗೆ ನೆಟ್ಟಗೆ ನಡೆದರು. ಅಲ್ಲಿ ಲೆನ್ ನಗತೊಡಗಿದ. ಅವನ ತೋಳಿಗೆ ಜೋತುಬಿದ್ದು, ಬೇಡವೆಂದರೂ ತಡೆಯಲಾಗದೆ, ಅವಳೂ ನಕ್ಕಳು.